ಹಿರಿಯರು ಬೀಳುವುದನ್ನು ತಡೆಯಲು ಫಿಸಿಯೋಥೆರಪಿ ಹೇಗೆ ನೆರವಾಗುತ್ತದೆ? ಮನೆಯವರು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ

ವಯಸ್ಸಾದ ಮೇಲೆ ಒಮ್ಮೊಮ್ಮೆ ಬೀಳುವುದು ಇದ್ದದ್ದೇ ಎಂದು ಬಹಳಷ್ಟು ಮನೆಗಳಲ್ಲಿ ಅಂದುಕೊಳ್ಳುತ್ತಾರೆ. ಪೆಟ್ಟಾಗದಿದ್ದರೆ ಹಿರಿಯರು ಅದನ್ನು ಮಕ್ಕಳಿಗೆ ಹೇಳುವುದೂ ಅಪರೂಪ. ಪೆಟ್ಟಾದರೆ, 'ಇನ್ನು ಮೇಲೆ ಓಡಾಡಬೇಡಿ, ಕೂತಲ್ಲೇ ಇರಿ, ಬೇಕಾದ್ದನ್ನು ನಾವೇ ತಂದುಕೊಡುತ್ತೇವೆ' ಎಂಬ ಮಾತು ಬರುತ್ತದೆ. ಪ್ರೀತಿಯಿಂದ ಹೇಳುವ ಈ ಮಾತೇ ಮುಂದಿನ ಸಲ ಬೀಳುವುದಕ್ಕೆ ದಾರಿ ಮಾಡಿಕೊಡಬಹುದು. ಕೂತಷ್ಟೂ ಕಾಲಿನ ಶಕ್ತಿ ಕುಗ್ಗುತ್ತದೆ, ಶಕ್ತಿ ಕುಗ್ಗಿದಷ್ಟೂ ಬೀಳುವ ಅಪಾಯ ಹೆಚ್ಚುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ಇದಕ್ಕೆ ಎರಡನೇ ಸ್ಥಾನ. ಸಾಯುವವರಲ್ಲಿ 60 ವರ್ಷ ದಾಟಿದವರೇ ಹೆಚ್ಚು. ಭಾರತದಲ್ಲಿ 2011ರ ಜನಗಣತಿಯ ವೇಳೆಗೇ 60 ವರ್ಷ ಮೇಲ್ಪಟ್ಟವರ ಸಂಖ್ಯೆ 10 ಕೋಟಿ ದಾಟಿತ್ತು.

ಒಳ್ಳೆಯ ಸುದ್ದಿ ಎಂದರೆ, ಕಾಲಿನ ಶಕ್ತಿ ಮತ್ತು ದೇಹದ ಸಮತೋಲನವನ್ನು 80 ವರ್ಷ ದಾಟಿದ ಮೇಲೂ ಸುಧಾರಿಸಬಹುದು. ಫಿಸಿಯೋಥೆರಪಿಯ ಕೆಲಸ ಇಲ್ಲಿಂದಲೇ ಶುರುವಾಗುತ್ತದೆ.

ಹಿರಿಯರು ಏಕೆ ಬೀಳುತ್ತಾರೆ?

ನಿಂತಿರುವಾಗ ದೇಹವನ್ನು ನೇರವಾಗಿ ಹಿಡಿದಿಡಲು ಕಣ್ಣು, ಒಳಕಿವಿ ಮತ್ತು ಪಾದದ ಸ್ಪರ್ಶಜ್ಞಾನ ಮೂರೂ ಒಟ್ಟಿಗೆ ಮಿದುಳಿಗೆ ಸುದ್ದಿ ಕಳಿಸುತ್ತಿರಬೇಕು. ಆ ಸುದ್ದಿಯ ಆಧಾರದ ಮೇಲೆ ತೊಡೆ, ಸೊಂಟ ಮತ್ತು ಪಾದದ ಸ್ನಾಯುಗಳು ಕ್ಷಣಾರ್ಧದಲ್ಲಿ ಕೆಲಸ ಮಾಡಬೇಕು. ವಯಸ್ಸಾದಂತೆ ಈ ಎಲ್ಲವೂ ಸ್ವಲ್ಪ ಸ್ವಲ್ಪ ನಿಧಾನವಾಗುತ್ತವೆ. ಯುವಕರು ಎಡವಿದರೂ ಸಾವರಿಸಿಕೊಂಡು ನಿಲ್ಲುತ್ತಾರೆ, ಹಿರಿಯರಿಗೆ ಆ ಒಂದು ಕ್ಷಣದ ಅವಕಾಶ ಸಿಗುವುದಿಲ್ಲ.

ಇದರ ಜೊತೆಗೆ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ:

• ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮು ಹಿಡಿದಂತಾಗುವುದು
• ಮಂಡಿನೋವು, ಪಾರ್ಕಿನ್ಸನ್ಸ್ ಅಥವಾ ಹಿಂದೆ ಆಗಿರುವ ಪಾರ್ಶ್ವವಾಯು
• ಕಣ್ಣಿನ ಪೊರೆ, ಹಳೆಯ ನಂಬರಿನ ಕನ್ನಡಕ
• ನಿದ್ರೆ ಮಾತ್ರೆ, ಬಿಪಿ ಮಾತ್ರೆ ಮುಂತಾದ ಔಷಧಿಗಳಿಂದ ಬರುವ ಮಂಪರು, ತಲೆಸುತ್ತು
• ಮಲಗಿದ್ದವರು ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿಯುವುದು
• ರಾತ್ರಿ ಮೂತ್ರಕ್ಕೆಂದು ಅವಸರದಲ್ಲಿ ಏಳುವುದು

ಹೀಗಾಗಿ ಬಿದ್ದವರನ್ನು ಫಿಸಿಯೋಥೆರಪಿಸ್ಟ್ ಬಳಿ ಕರೆದೊಯ್ಯುವ ಮೊದಲು ಅಥವಾ ಅದರ ಜೊತೆಜೊತೆಗೇ ವೈದ್ಯರಿಗೂ ತೋರಿಸಬೇಕು. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಯಾವುದನ್ನು ಕಡಿಮೆ ಮಾಡಬಹುದು, ಯಾವುದರ ಹೊತ್ತು ಬದಲಿಸಬಹುದು ಎಂದು ಅವರು ನೋಡಿ ಹೇಳುತ್ತಾರೆ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಸರಿಯಲ್ಲ.

ಮನೆಯಲ್ಲಿ ಕೇಳಬೇಕಾದ 3 ಪ್ರಶ್ನೆ

ಅಪಾಯದಲ್ಲಿರುವವರನ್ನು ಗುರುತಿಸಲು ದೊಡ್ಡ ಪರೀಕ್ಷೆಗಳೇ ಬೇಕಿಲ್ಲ. ಮೊದಲು ಈ ಪ್ರಶ್ನೆಗಳನ್ನು ಕೇಳಿ ನೋಡಿ:

1. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ?
2. ನಿಂತಾಗ, ನಡೆಯುವಾಗ ತೂರಾಡಿದಂತೆ ಅನಿಸುತ್ತದೆಯೇ?
3. ಎಲ್ಲಿ ಬಿದ್ದುಬಿಡುತ್ತೇನೋ ಎಂಬ ಹೆದರಿಕೆ ಇದೆಯೇ?

ಒಂದಕ್ಕೆ 'ಹೌದು' ಎಂದರೂ ತಪಾಸಣೆ ಅಗತ್ಯ. ಮೂರನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಹೆದರಿಕೆಯಿಂದ ಹೊರಗೆ ಹೋಗುವುದನ್ನು, ಮೆಟ್ಟಿಲು ಹತ್ತುವುದನ್ನು ಬಿಟ್ಟವರಲ್ಲಿ ಸ್ನಾಯುಗಳು ಬೇಗ ಸೊರಗುತ್ತವೆ.

ಫಿಸಿಯೋಥೆರಪಿಸ್ಟ್ ಏನನ್ನು ಪರೀಕ್ಷಿಸುತ್ತಾರೆ?

ಎದ್ದು ನಡೆಯುವ ಪರೀಕ್ಷೆ: ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. ಇದಕ್ಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹೇಳುತ್ತದೆ. ಎಷ್ಟು ಹೊತ್ತಾಯಿತು ಎಂಬುದರ ಜೊತೆಗೆ ಹೆಜ್ಜೆ ಹೇಗಿದೆ, ತಿರುಗುವಾಗ ತಡವರಿಸುತ್ತಾರೆಯೇ ಎಂಬುದನ್ನೂ ಗಮನಿಸಲಾಗುತ್ತದೆ.

30 ಸೆಕೆಂಡ್ ಕುರ್ಚಿ ಪರೀಕ್ಷೆ: ಕೈಗಳನ್ನು ಎದೆಯ ಮೇಲೆ ಮಡಚಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಲ್ಲುತ್ತಾರೆ ಎಂದು ಎಣಿಸುತ್ತಾರೆ. ಸಿಡಿಸಿ ಮಾನದಂಡದಂತೆ 70ರಿಂದ 74 ವರ್ಷದ ಪುರುಷರಿಗೆ 12ಕ್ಕಿಂತ, ಮಹಿಳೆಯರಿಗೆ 10ಕ್ಕಿಂತ ಕಡಿಮೆಯಾದರೆ ಕಾಲಿನ ಶಕ್ತಿ ಕಡಿಮೆ ಎಂದರ್ಥ. 80ರಿಂದ 84 ವರ್ಷದವರಿಗೆ ಈ ಸಂಖ್ಯೆ ಕ್ರಮವಾಗಿ 10 ಮತ್ತು 9.

4 ಹಂತದ ನಿಲುವು: ಮೊದಲು ಎರಡೂ ಪಾದ ಜೋಡಿಸಿ, ನಂತರ ಒಂದು ಪಾದವನ್ನು ಅರ್ಧದಷ್ಟು ಮುಂದಿಟ್ಟು, ಆಮೇಲೆ ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ, ಕೊನೆಗೆ ಒಂಟಿಕಾಲಿನಲ್ಲಿ ತಲಾ 10 ಸೆಕೆಂಡ್ ನಿಲ್ಲಬೇಕು. ಮೂರನೇ ಹಂತದಲ್ಲಿ 10 ಸೆಕೆಂಡ್ ನಿಲ್ಲಲಾಗದವರಿಗೆ ಅಪಾಯ ಹೆಚ್ಚು.

ಈ ಪರೀಕ್ಷೆಗಳನ್ನು ಪಕ್ಕದಲ್ಲಿ ಯಾರೂ ಇಲ್ಲದೆ ಮನೆಯಲ್ಲಿ ಮಾಡಿ ನೋಡಬೇಡಿ.

ವ್ಯಾಯಾಮದಿಂದ ನಿಜಕ್ಕೂ ಪ್ರಯೋಜನವಿದೆಯೇ?

ಇದೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಸಂಶೋಧಕರು 80 ವರ್ಷ ಮತ್ತು ಮೇಲ್ಪಟ್ಟ 233 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಹಿಳೆಯರ ಮನೆಗೆ ಮೊದಲ 2 ತಿಂಗಳಲ್ಲಿ ಫಿಸಿಯೋಥೆರಪಿಸ್ಟ್ 4 ಸಲ ಹೋಗಿ, ಅವರವರ ಶಕ್ತಿಗೆ ತಕ್ಕ ವ್ಯಾಯಾಮ ಹೇಳಿಕೊಟ್ಟರು. ಒಂದು ವರ್ಷದಲ್ಲಿ ವ್ಯಾಯಾಮ ಮಾಡಿದ ಗುಂಪಿನವರು ಒಟ್ಟು 88 ಸಲ ಬಿದ್ದರೆ, ಉಳಿದ ಗುಂಪಿನವರು 152 ಸಲ ಬಿದ್ದಿದ್ದರು. 'ಒಟಾಗೋ ವ್ಯಾಯಾಮ ಕ್ರಮ' ಎಂಬ ಹೆಸರಿನಲ್ಲಿ ಇದನ್ನು ಈಗ ಅನೇಕ ದೇಶಗಳಲ್ಲಿ ಬಳಸುತ್ತಾರೆ.

2019ರಲ್ಲಿ ಕಾಕ್ರೇನ್ ಸಂಸ್ಥೆ 25 ದೇಶಗಳ 108 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ 23ರಷ್ಟು ಇಳಿದಿತ್ತು. ಸಮತೋಲನದ ಜೊತೆ ಸ್ನಾಯುಬಲದ ವ್ಯಾಯಾಮವನ್ನೂ ಮಾಡಿದವರಲ್ಲಿ ಇಳಿಕೆ ಶೇ 34ರಷ್ಟಿತ್ತು.

ವಾಕಿಂಗ್ ಮಾತ್ರ ಸಾಲದು

'ನಮ್ಮ ತಂದೆ ದಿನಾ ವಾಕಿಂಗ್ ಹೋಗುತ್ತಾರೆ, ಅವರಿಗೇನೂ ತೊಂದರೆಯಿಲ್ಲ' ಎನ್ನುವವರು ಬಹಳ. ವಾಕಿಂಗ್ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ವಾಕಿಂಗ್ ಒಂದರಿಂದಲೇ ಬೀಳುವುದು ಕಡಿಮೆಯಾಗುತ್ತದೆ ಎನ್ನಲು ಕಾಕ್ರೇನ್ ಪರಿಶೀಲನೆಯಲ್ಲಿ ಗಟ್ಟಿ ಆಧಾರ ಸಿಗಲಿಲ್ಲ. ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ಸಮತೋಲನಕ್ಕೆ ಹೆಚ್ಚು ಪರೀಕ್ಷೆ ಇರುವುದಿಲ್ಲ. ಎಡವಿದಾಗ ಸಾವರಿಸಿಕೊಳ್ಳಲು ಬೇಕಾದ ಚುರುಕು ಬರಬೇಕಾದರೆ, ದೇಹ ಸ್ವಲ್ಪ ಕಷ್ಟಪಡುವಂತಹ ಭಂಗಿಗಳನ್ನು ಸುರಕ್ಷಿತವಾಗಿ ಅಭ್ಯಾಸ ಮಾಡಬೇಕು.

ಸಾಮಾನ್ಯವಾಗಿ ಹೇಳಿಕೊಡುವ ವ್ಯಾಯಾಮಗಳು

• ಕೂತು ಏಳುವುದು: ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು, ನಿಧಾನವಾಗಿ ಏಳುವುದು, ಅದಕ್ಕಿಂತ ನಿಧಾನವಾಗಿ ಕೂರುವುದು. ತೊಡೆಗೆ ಬಲ ಬರುತ್ತದೆ. ಶೌಚಾಲಯದಲ್ಲಿ ಏಳಲು ಬೇಕಾಗುವುದು ಇದೇ ಬಲ.
• ಹಿಮ್ಮಡಿ ಎತ್ತುವುದು: ಅಡುಗೆಮನೆ ಕಟ್ಟೆ ಹಿಡಿದು ನಿಂತು ತುದಿಗಾಲಿನ ಮೇಲೆ ಏರಿ ಇಳಿಯುವುದು. ಆಮೇಲೆ ಹಿಮ್ಮಡಿಯ ಮೇಲೆ ನಿಂತು ಬೆರಳುಗಳನ್ನು ಎತ್ತುವುದು. ಬೆರಳು ಎತ್ತುವ ಶಕ್ತಿ ಕಡಿಮೆಯಾದಾಗಲೇ ಹೊಸ್ತಿಲು, ಕಾಲೊರಸು ಎಡವುತ್ತವೆ.
• ಪಕ್ಕಕ್ಕೆ ಕಾಲೆತ್ತುವುದು: ಮೈ ವಾಲಿಸದೆ ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತುವುದು. ಸೊಂಟದ ಪಕ್ಕದ ಸ್ನಾಯುಗಳಿಗೆ ಇದು ಮುಖ್ಯ.
• ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು: ಗೋಡೆಯ ಪಕ್ಕದಲ್ಲಿ ಗೆರೆಯ ಮೇಲೆ ನಡೆದಂತೆ ಹೆಜ್ಜೆ ಇಡುವುದು.
• ಅಡ್ಡ ಹೆಜ್ಜೆ ಮತ್ತು ಮೆಟ್ಟಿಲು: ಪಕ್ಕಕ್ಕೆ ನಡೆಯುವುದು, ಕಂಬಿ ಹಿಡಿದು ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು.

ಎಷ್ಟು ದಿನ ಮಾಡಬೇಕು ಎಂಬುದೂ ಮುಖ್ಯ. ವಾರಕ್ಕೆ 3 ದಿನವಾದರೂ, ಪ್ರತಿಸಲ ಸುಮಾರು ಅರ್ಧ ಗಂಟೆ, ಕನಿಷ್ಠ 12 ವಾರ ಮಾಡಬೇಕು. ಆ ನಂತರವೂ ಮುಂದುವರಿಸಬೇಕು, ನಿಲ್ಲಿಸಿದರೆ ಗಳಿಸಿದ ಬಲ ಇಳಿಯುತ್ತದೆ. ಮೊದಲು ಎರಡೂ ಕೈಯಲ್ಲಿ ಕಟ್ಟೆ ಹಿಡಿದು ಮಾಡುತ್ತಿದ್ದವರು ಕ್ರಮೇಣ ಒಂದು ಕೈ, ನಂತರ ಬೆರಳ ತುದಿ, ಕೊನೆಗೆ ಹಿಡಿಯದೆ ಮಾಡುವ ಹಂತಕ್ಕೆ ಬರಬೇಕು. ಯಾವಾಗ ಮುಂದಿನ ಹಂತಕ್ಕೆ ಹೋಗಬೇಕು ಎಂದು ತೀರ್ಮಾನಿಸುವುದು ಫಿಸಿಯೋಥೆರಪಿಸ್ಟ್ ಕೆಲಸ.

ಎದೆನೋವು, ಉಬ್ಬಸ, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಊರಿನಿಂದ ಮಕ್ಕಳ ಮನೆಗೆ ಬಂದಾಗ

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಅನೇಕ ಕನ್ನಡಿಗರ ಮನೆಗಳಿಗೆ ಊರಿನಿಂದ ತಂದೆ-ತಾಯಿ ಬಂದು ಕೆಲವು ತಿಂಗಳು ಇದ್ದು ಹೋಗುತ್ತಾರೆ. ಊರಿನಲ್ಲಿ ಅಂಗಳ, ಹಿತ್ತಲು, ದೇವಸ್ಥಾನ, ಅಂಗಡಿ ಎಂದು ದಿನವಿಡೀ ಓಡಾಡುತ್ತಿದ್ದವರು ಫ್ಲ್ಯಾಟಿನಲ್ಲಿ ಸೋಫಾ ಬಿಟ್ಟು ಏಳುವುದಿಲ್ಲ. ರಾತ್ರಿ ಎದ್ದರೆ ಸ್ವಿಚ್ ಎಲ್ಲಿದೆ ಎಂದು ತಿಳಿಯುವುದಿಲ್ಲ, ಬಚ್ಚಲಿನ ನೆಲ ಎಲ್ಲಿ ಇಳಿಯುತ್ತದೆ ಎಂದು ರೂಢಿಯಾಗಿರುವುದಿಲ್ಲ.

ಬಂದ ಮೊದಲ ದಿನವೇ ಹಾಸಿಗೆಯಿಂದ ಬಾತ್‌ರೂಮಿನವರೆಗೆ ಒಂದೆರಡು ಸಲ ಜೊತೆಯಲ್ಲಿ ನಡೆದು ತೋರಿಸುವುದು ಒಳ್ಳೆಯದು. ಆ ದಾರಿಯಲ್ಲಿ ರಾತ್ರಿ ಸಣ್ಣ ದೀಪ ಉರಿಯುತ್ತಿರಲಿ.

ಭಾಷೆಯ ತೊಡಕೂ ಇದೆ. ಫಿಸಿಯೋಥೆರಪಿಸ್ಟ್ ಮರಾಠಿ, ತಮಿಳು ಅಥವಾ ಹಿಂದಿಯಲ್ಲಿ ಹೇಳಿದ್ದು ಅಮ್ಮನಿಗೆ ಅರ್ಥವಾಗದೆ, ತಲೆಯಾಡಿಸಿ ಬಂದುಬಿಡಬಹುದು. ಮೊದಲ ಕೆಲವು ಭೇಟಿಗಳಲ್ಲಿ ಮನೆಯವರೊಬ್ಬರು ಜೊತೆಯಲ್ಲಿದ್ದು ಕನ್ನಡದಲ್ಲಿ ವಿವರಿಸಬೇಕು. ಅನುಮತಿ ಪಡೆದು ವ್ಯಾಯಾಮವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ, ಊರಿಗೆ ಮರಳಿದ ಮೇಲೂ ನೋಡಿಕೊಂಡು ಮಾಡಬಹುದು.

ಮನೆಯಲ್ಲಿ ಏನು ಬದಲಿಸಬೇಕು?

• ಬಚ್ಚಲು ಮತ್ತು ಶೌಚಾಲಯದ ಗೋಡೆಗೆ ಹಿಡಿದುಕೊಳ್ಳಲು ಗಟ್ಟಿ ಕಂಬಿ ಹಾಕಿಸಿ. ಟವೆಲ್ ಹಾಕುವ ಸರಳು ದೇಹದ ಭಾರ ತಡೆಯುವುದಿಲ್ಲ.
• ನೆಲದಲ್ಲಿ ನೀರು ನಿಲ್ಲದಿರಲಿ. ಕೂತು ಸ್ನಾನ ಮಾಡಲು ಜಾರದ ಪ್ಲಾಸ್ಟಿಕ್ ಕುರ್ಚಿ ಇಡಿ.
• ಜಾರುವ ಕಾಲೊರಸು, ಮಡಚಿಕೊಳ್ಳುವ ಚಾಪೆ, ನೆಲದ ಮೇಲಿನ ವೈರ್ ತೆಗೆಯಿರಿ.
• ಸವೆದ ಹವಾಯಿ ಚಪ್ಪಲಿ ಬದಲು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಡಿಸಿ. ಸೀರೆ, ಪಂಚೆಯ ಅಂಚು ಪಾದಕ್ಕಿಂತ ಮೇಲಿರಲಿ.
• ದಿನಬಳಕೆಯ ಡಬ್ಬಿಗಳನ್ನು ಕೈಗೆಟಕುವ ಎತ್ತರದಲ್ಲಿಡಿ. ಸ್ಟೂಲ್ ಹತ್ತುವ ಅಗತ್ಯ ಬರಬಾರದು.

ಊರುಗೋಲಿನ ಅಳತೆಯನ್ನೂ ಫಿಸಿಯೋಥೆರಪಿಸ್ಟ್ ಹೇಳಬೇಕು. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ಕೋಲಿನ ಹಿಡಿ ಬರಬೇಕು. ನೋವಿರುವ ಅಥವಾ ಬಲವಿಲ್ಲದ ಕಾಲಿನ ಎದುರು ಬದಿಯ ಕೈಯಲ್ಲಿ ಅದನ್ನು ಹಿಡಿಯಬೇಕು. ತುದಿಯ ರಬ್ಬರ್ ಸವೆದರೆ ಕೋಲೇ ಜಾರುತ್ತದೆ.

ಬಿದ್ದಾಗ ಏನು ಮಾಡಬೇಕು?

ಬಿದ್ದವರನ್ನು ಗಾಬರಿಯಿಂದ ತೋಳು ಹಿಡಿದು ಎಳೆದೆತ್ತಬಾರದು. ಮೊದಲು ನೋವು ಎಲ್ಲಿದೆ ಎಂದು ಕೇಳಿ. ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ, ಕಾಲೂರಲು ಆಗದಿದ್ದರೆ ಸೊಂಟದ ಕೀಲಿನ ಮೂಳೆ ಮುರಿದಿರಬಹುದು. ಅಲುಗಾಡಿಸದೆ 112ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ಚೆನ್ನಾಗಿದ್ದಾರೆ ಎನಿಸಿದರೂ ಆಸ್ಪತ್ರೆಗೆ ಕರೆದೊಯ್ಯಬೇಕು.

ಪೆಟ್ಟಾಗಿಲ್ಲ ಎಂದು ಖಚಿತವಾದರೆ ಪಕ್ಕಕ್ಕೆ ಹೊರಳಿ, ಕೈ-ಮಂಡಿ ಊರಿ, ಗಟ್ಟಿ ಕುರ್ಚಿಯ ಬಳಿಗೆ ತೆವಳಿ, ಅದರ ಮೇಲೆ ಕೈಯಿಟ್ಟು, ಬಲವಿರುವ ಕಾಲನ್ನು ಮುಂದೆ ಊರಿ ಏಳಬಹುದು. ಒಬ್ಬರೇ ಇರುವ ಹಿರಿಯರಿಗೆ ಇದನ್ನು ಫಿಸಿಯೋಥೆರಪಿಸ್ಟ್ ಮೊದಲೇ ಕಲಿಸಿಕೊಡುತ್ತಾರೆ.

ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾದವರಿಗೆ ತಿಂಗಳುಗಟ್ಟಲೆ ಬೆಡ್ ರೆಸ್ಟ್ ಬೇಕು ಎಂಬುದು ತಪ್ಪು ತಿಳಿವಳಿಕೆ. ವೈದ್ಯರು ಬೇಡ ಎನ್ನದಿದ್ದರೆ ಮರುದಿನವೇ ಎಬ್ಬಿಸಿ ನಿಲ್ಲಿಸಲು ಫಿಸಿಯೋಥೆರಪಿಸ್ಟ್ ಪ್ರಯತ್ನಿಸುತ್ತಾರೆ. ಮಲಗಿಯೇ ಇದ್ದರೆ ನ್ಯುಮೋನಿಯಾ, ಹಾಸಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಎಲ್ಲಿ ವಿಚಾರಿಸಬೇಕು?

ಹಿರಿಯ ನಾಗರಿಕರ ಆರೋಗ್ಯ ಸೇವೆಯ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಸೇವೆಗೆ ಅವಕಾಶವಿದೆ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. ಹಿರಿಯರ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್ ಸಂಖ್ಯೆ 14567, ಕರೆ ಉಚಿತ.

ಫಿಸಿಯೋಥೆರಪಿಸ್ಟ್ ಬಳಿ ಹೋಗಲು ಮೂಳೆ ಮುರಿಯುವವರೆಗೆ ಕಾಯಬೇಕಿಲ್ಲ. ಮೊದಲ ಸಲ ತೂರಾಡಿದಾಗಲೇ ಹೋದರೆ, ಬಚ್ಚಲಿಗೆ, ದೇವರ ಮನೆಗೆ, ಅಂಗಡಿಗೆ ತಾವಾಗಿಯೇ ಹೋಗಿಬರುವ ಸ್ವಾತಂತ್ರ್ಯವನ್ನು ಹಿರಿಯರು ಇನ್ನಷ್ಟು ವರ್ಷ ಉಳಿಸಿಕೊಳ್ಳಬಹುದು.

ಗಮನಿಸಿ: ಇದು ಸಾಮಾನ್ಯ ತಿಳಿವಳಿಕೆಗಾಗಿ ನೀಡಿದ ಮಾಹಿತಿ. ಹೃದ್ರೋಗ, ಮೂಳೆ ಸವೆತ, ಇತ್ತೀಚಿನ ಶಸ್ತ್ರಚಿಕಿತ್ಸೆ ಮುಂತಾದ ತೊಂದರೆ ಇರುವವರು ವ್ಯಾಯಾಮ ಆರಂಭಿಸುವ ಮೊದಲು ವೈದ್ಯರ ಸಲಹೆ ಪಡೆಯಬೇಕು.