ಜಿಡ್ಡಿನ ಪಲ್ಲಟ: ಅಮೆರಿಕದ ಮನೆಯಡಿಗೆಯಲ್ಲಿ ಕ್ರಿಸ್ಕೊ

ಒಂದು ಸಮಾಜವು ತಾನು ಬಳಸುವ ಜಿಡ್ಡನ್ನು ಬದಲಿಸುವುದು ಕೇವಲ ರುಚಿಗೆ ಸಂಬಂಧಿಸಿದ ವಿಷಯವಲ್ಲ. ಕೈಗಾರಿಕೆ, ವ್ಯಾಪಾರ, ಧರ್ಮಾಚಾರಗಳೂ ಅದರೊಡನೆ ಹೆಣೆದುಕೊಂಡಿರುತ್ತವೆ. ಇದಕ್ಕೆ ಇಪ್ಪತ್ತನೆಯ ಶತಮಾನದ ಅಮೆರಿಕವು ಉತ್ತಮ ನಿದರ್ಶನ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಗೃಹಿಣಿಯರು ಕೇಕಿಗೆ ಹೆಚ್ಚಾಗಿ ಬೆಣ್ಣೆಯನ್ನೂ, ಹಣ್ಣಿನ ಹೂರಣವಿಟ್ಟು ಬೇಯಿಸುವ ‘ಪೈ’ಗೆ ಹಂದಿಯ ಕೊಬ್ಬನ್ನೂ ಬಳಸುತ್ತಿದ್ದರು. ಗೋಧಿಹಿಟ್ಟನ್ನು ನೀರು ಬೆರೆಸಿ ನಾದಿದಾಗ ಅದರ ಅಂಟು ಎಳೆಎಳೆಯಾಗಿ ಬೆಳೆಯುತ್ತದೆ. ಜಿಡ್ಡು ಹಿಟ್ಟಿನ ಕಣಗಳನ್ನು ಆವರಿಸಿ ಈ ಬೆಳವಣಿಗೆಯನ್ನು ತಡೆಯುತ್ತದೆ. ತಿನಿಸು ಮೃದುವಾಗುವುದು ಇದರಿಂದಲೇ. ಆದರೆ ಪದರುಗಳು ಬಿಚ್ಚಿಕೊಳ್ಳಬೇಕಾದರೆ, ಸಕ್ಕರೆಯೊಡನೆ ಕಡೆದಾಗ ಗಾಳಿ ನಿಲ್ಲಬೇಕಾದರೆ, ಜಿಡ್ಡು ಘನರೂಪದಲ್ಲಿರಬೇಕು. ಸಸ್ಯದ ಎಣ್ಣೆಗಳು ಆ ಸ್ಥಾನಕ್ಕೆ ಬರಲಾರದೆ ಹೊರಗುಳಿದುದಕ್ಕೆ ಇದೇ ಕಾರಣ.

ಈ ತೊಡಕನ್ನು ರಸಾಯನಶಾಸ್ತ್ರವು ಬಿಡಿಸಿತು. ನಿಕ್ಕಲ್ ಲೋಹದ ನೆರವಿನಿಂದ ಎಣ್ಣೆಗೆ ಜಲಜನಕವನ್ನು ಸೇರಿಸಿ ಅದನ್ನು ಗಟ್ಟಿಗೊಳಿಸುವ ವಿಧಾನಕ್ಕೆ ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ 1902ರಲ್ಲಿ ಹಕ್ಕುಪತ್ರ ಪಡೆದನು. ಸಿನ್ಸಿನಾಟಿಯ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯು ಮೂಲತಃ ಸಾಬೂನು ಮತ್ತು ಮೇಣದ ಬತ್ತಿಗಳನ್ನು ತಯಾರಿಸುತ್ತಿದ್ದುದು. ಹತ್ತಿಬೀಜದ ಎಣ್ಣೆ ಅದರ ಕಚ್ಚಾ ಸಾಮಗ್ರಿ. ಆ ಎಣ್ಣೆಯನ್ನೇ ಗಟ್ಟಿಗೊಳಿಸಿ 1911ರಲ್ಲಿ ‘ಕ್ರಿಸ್ಕೊ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ತಂದಿತು. ಅಪ್ಟನ್ ಸಿಂಕ್ಲೇರನ 1906ರ ಕಾದಂಬರಿ ‘ದಿ ಜಂಗಲ್’ ಮಾಂಸದ ಕಾರ್ಖಾನೆಗಳ ಕೊಳಕನ್ನು ಬಯಲಿಗೆಳೆದಿದ್ದ ಕಾಲವದು. ಅಚ್ಚಬಿಳುಪಿನ, ವಾಸನೆಯಿಲ್ಲದ ಜಿಡ್ಡಿಗೆ ಅದು ಅನುಕೂಲವಾಗಿಯೇ ಇತ್ತು.

ಆದರೂ ಗೃಹಿಣಿಯ ಕೈಯಳತೆಯನ್ನು ಬದಲಿಸುವುದು ಸುಲಭವಾಗಿರಲಿಲ್ಲ. ಬೆಣ್ಣೆಯಲ್ಲಿ ಶೇಕಡ 80ರಷ್ಟು ಜಿಡ್ಡು, ಉಳಿದುದು ಬಹುಮಟ್ಟಿಗೆ ನೀರು. ಕ್ರಿಸ್ಕೊ ಪೂರ್ತಿ ಜಿಡ್ಡೇ. ಆದ್ದರಿಂದ ಬೆಣ್ಣೆಗೆ ಬದಲಾಗಿ ಬಳಸುವಾಗ ತೂಕದಲ್ಲಿ ಐದನೆಯ ಒಂದು ಪಾಲನ್ನು ಕಡಿಮೆ ಮಾಡಿ, ತುಸು ನೀರನ್ನೂ ಉಪ್ಪನ್ನೂ ಸೇರಿಸಬೇಕು. ಇಂಥ ಹೊಸ ಪಾಠಗಳನ್ನು ಕಲಿಸಲು ಸಂಸ್ಥೆಯು ತಾನೇ ಪಾಕಪುಸ್ತಕಗಳನ್ನು ಪ್ರಕಟಿಸಿತು. ಮಾಂಸವನ್ನೂ ಹಾಲನ್ನೂ ಬೆರೆಸದ ಯಹೂದ್ಯರಿಗೆ, ಹಂದಿಯ ಕೊಬ್ಬು ನಿಷಿದ್ಧ. ಬೆಣ್ಣೆ ಮಾಂಸದೂಟಕ್ಕೆ ಸಲ್ಲದು. ಎರಡು ಊಟಗಳಿಗೂ ಸಲ್ಲುವ ಈ ಜಿಡ್ಡನ್ನು ಅವರಿಗೆ ಪರಿಚಯಿಸಲು 1933ರಲ್ಲಿ ಯಿಡ್ಡಿಷ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಒಂದು ಪುಸ್ತಕವೇ ಹೊರಬಂದಿತು.

ಒಲೆಯ ಪರೀಕ್ಷೆಯಲ್ಲಿ ಗೆದ್ದ ಪದಾರ್ಥವು ದೇಹದ ಪರೀಕ್ಷೆಯಲ್ಲಿ ಸೋತಿತು. ಅರೆಬರೆಯಾಗಿ ಜಲಜನಕ ಸೇರಿಸಿದಾಗ ಹುಟ್ಟುವ ‘ಟ್ರಾನ್ಸ್’ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ ಒಳ್ಳೆಯದನ್ನು ತಗ್ಗಿಸುವುದೆಂದು 1990ರಲ್ಲಿ ನೆದರ್ಲೆಂಡಿನ ಮೆನ್ಸಿಂಕ್ ಮತ್ತು ಕಟಾನ್ ತೋರಿಸಿದರು. ಇಂಥ ಎಣ್ಣೆಗಳನ್ನು ಸುರಕ್ಷಿತವೆಂದು ಪರಿಗಣಿಸಲಾಗದೆಂದು ಅಮೆರಿಕದ ಸರ್ಕಾರ 2015ರಲ್ಲಿ ನಿರ್ಣಯಿಸಿತು. ಇದೇ ರಸಾಯನಕ್ರಿಯೆಯು 1930ರ ದಶಕದಲ್ಲಿ ‘ಡಾಲ್ಡಾ’ ವನಸ್ಪತಿಯ ರೂಪದಲ್ಲಿ ನಮ್ಮ ಅಡಿಗೆಮನೆಗಳನ್ನೂ ಹೊಕ್ಕಿತ್ತು. ಎಣ್ಣೆ ಮತ್ತು ಜಿಡ್ಡುಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡ 2ನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ 2022ರಲ್ಲಿ ಜಾರಿಗೆ ಬಂದಿತು.

ಈ ವೃತ್ತಾಂತದಿಂದ ಇತಿಹಾಸದ ವಿದ್ಯಾರ್ಥಿಯು ಗ್ರಹಿಸಬೇಕಾದ ಅಂಶವೊಂದುಂಟು. ತಯಾರಕರ ಪಾಕಪುಸ್ತಕವು ಮನೆಗಳಲ್ಲಿ ಜನರು ಏನನ್ನು ಬೇಯಿಸಿದರೆಂಬುದಕ್ಕಿಂತ, ಏನನ್ನು ಬೇಯಿಸಬೇಕೆಂದು ತಯಾರಕರು ಬಯಸಿದರೆಂಬುದಕ್ಕೇ ಹೆಚ್ಚು ಪ್ರಬಲವಾದ ಆಧಾರ. ಆ ಎರಡರ ನಡುವಣ ಅಂತರವನ್ನು ಅಳೆಯುವುದೇ ಅವನ ಕೆಲಸ.