ಪಹಣಿಯ ಸಂಕ್ರಮಣ: ದಾವಣಗೆರೆ–ಹರಿಹರ ಸೀಮೆಯಲ್ಲಿ ಹೊಸ ವ್ಯವಸ್ಥೆಗಳ ಕ್ರಮಾಗಮನ

ಒಂದು ಹಳೆಯ ವ್ಯವಸ್ಥೆಯನ್ನು ತೆಗೆದು ಅದರ ಸ್ಥಾನದಲ್ಲಿ ಹೊಸದನ್ನು ನೆಲೆಗೊಳಿಸುವಾಗ ಆಡಳಿತಗಾರರು ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿಯಬೇಕಾಗುತ್ತದೆ. ನಿಶ್ಚಿತ ದಿನದಂದು ಎಲ್ಲೆಡೆಯೂ ಏಕಕಾಲಕ್ಕೆ ಬದಲಾಯಿಸುವುದು ಒಂದು. ಅಲ್ಪಭಾಗದಲ್ಲಿ ಮೊದಲು ಪ್ರಯೋಗಿಸಿ, ಫಲವನ್ನು ಕಂಡು, ಕ್ರಮವಾಗಿ ವಿಸ್ತರಿಸುವುದು ಮತ್ತೊಂದು. ಇಂದಿನ ಗಣಕಶಾಸ್ತ್ರದಲ್ಲಿ ಎರಡನೆಯ ಮಾರ್ಗವು ನಿಯಮಬದ್ಧವಾದ ಒಂದು ಪದ್ಧತಿಯಾಗಿ ಬೆಳೆದಿದೆ. ಆದರೆ ಅದು ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ದಾವಣಗೆರೆ ಮತ್ತು ಹರಿಹರಗಳ ಸೀಮೆಯಲ್ಲಿ ಭೂಮಾಪನ, ತೂಕ–ನಾಣ್ಯ, ಪಹಣಿ ಎಂಬ ಮೂರು ವಿಷಯಗಳಲ್ಲಿ ಅದು ಹೇಗೆ ನಡೆಯಿತೆಂಬುದನ್ನೂ, ಹಳೆಯದಕ್ಕೆ ಮರಳುವ ದಾರಿ ಯಾವಾಗ ಉಳಿಯುತ್ತದೆ, ಯಾವಾಗ ಮುಚ್ಚಿಹೋಗುತ್ತದೆ ಎಂಬುದನ್ನೂ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧

ಹರಿಹರವು ತುಂಗಭದ್ರೆಯ ದಡದ ಗಡಿಯೂರು. ಬ್ರಿಟಿಷರ ಕಾಲದಲ್ಲಿ ನದಿಯ ಈಚೆಗೆ ಮೈಸೂರು ಸಂಸ್ಥಾನ, ಆಚೆಗೆ ಬೊಂಬಾಯಿ ಆಧಿಪತ್ಯದ ಧಾರವಾಡ ಜಿಲ್ಲೆ. ಧಾರವಾಡದಲ್ಲಿ ವಿಂಗೇಟನ ನೇತೃತ್ವದ ಭೂಮಾಪನವು 1840ರ ದಶಕದಲ್ಲಿಯೇ ನಡೆದಿತ್ತು. ಬೌರಿಂಗ್ ಮೈಸೂರಿನ ಕಮಿಷನರಾಗಿದ್ದಾಗ, 1863ರಲ್ಲಿ, ಅದೇ ಮಾದರಿಯು ಮೈಸೂರಿಗೂ ಬಂದಿತು. ಆರಂಭಕ್ಕೆ ಆಯ್ದುಕೊಂಡದ್ದು ಚಿತ್ರದುರ್ಗದ ಸೀಮೆಯನ್ನು. ಪಕ್ಕದ ಜಿಲ್ಲೆಯಲ್ಲಿ ಪರೀಕ್ಷಿತವಾದ ಪದ್ಧತಿಯು ಗಡಿಯಿಂದ ಒಳಕ್ಕೆ ತಾಲ್ಲೂಕು ತಾಲ್ಲೂಕಾಗಿ ಸಾಗಿ, ಸಂಸ್ಥಾನವನ್ನೆಲ್ಲ ವ್ಯಾಪಿಸಲು ದಶಕಗಳೇ ಹಿಡಿದವು.

ಬದಲಾವಣೆಯು ಅಲ್ಪವಾದುದಲ್ಲ. ಅದುವರೆಗೆ ರೈತನು ತನ್ನ ಹೊಲವನ್ನು ಅದಕ್ಕೆ ಬೇಕಾಗುವ ಬೀಜದ ಪ್ರಮಾಣದಿಂದ, ಎಂದರೆ ಖಂಡುಗ, ಕೊಳಗಗಳ ಬೀಜವರಿಯಿಂದ ಹೇಳುತ್ತಿದ್ದನು. ಈಗ ಸರಪಳಿ ಹಿಡಿದು ಅಳೆದ ಎಕರೆ–ಗುಂಟೆ ಬಂದಿತು. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಬಿದ್ದಿತು. ಮಣ್ಣಿನ ಗುಣವನ್ನು ಆಣೆಗಳ ಲೆಕ್ಕದಲ್ಲಿ ವಿಂಗಡಿಸಿ ಕಂದಾಯದ ಆಕಾರವನ್ನು ಕಟ್ಟಲಾಯಿತು. ಹೀಗೆ ನಿಗದಿಯಾದ ಕಂದಾಯವು ಮೂವತ್ತು ವರ್ಷಗಳವರೆಗೆ ಸ್ಥಿರವೆಂಬ ಭರವಸೆಯನ್ನು ಸರ್ಕಾರವು ನೀಡಿತು. ರೈತನಿಗೆ ಇದು ರಕ್ಷಣೆಯೂ ಹೌದು, ಬಂಧನವೂ ಹೌದು: ದರವು ತಪ್ಪಾಗಿ ಕಟ್ಟಲ್ಪಟ್ಟಿದ್ದರೆ ಸಾಮಾನ್ಯ ಪರಿಷ್ಕರಣಕ್ಕೆ ಒಂದು ತಲೆಮಾರು ಕಾಯಬೇಕಾಗಿತ್ತು. ಇಲ್ಲಿ ಕ್ರಮವಾದ ವಿಸ್ತರಣೆಯಿತ್ತು, ಶೀಘ್ರವಾಗಿ ಹಿಂದಿರುಗುವ ದಾರಿಯಿರಲಿಲ್ಲ.

೨

ಎರಡನೆಯ ದೃಷ್ಟಾಂತವು ದಾವಣಗೆರೆಯ ಪೇಟೆಗೂ ಹರಿಹರದ ಕಾರ್ಖಾನೆಗೂ ಸಂಬಂಧಿಸಿದುದು. 1955ರ ನಾಣ್ಯ ತಿದ್ದುಪಡಿ ಶಾಸನದಂತೆ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಚಲಾವಣೆಗೆ ಬಂದವು. ಹದಿನಾರಾಣೆಯ ರೂಪಾಯಿಯು ನೂರು ನಯಾಪೈಸೆಯ ರೂಪಾಯಿಯಾಯಿತು. ಆದರೆ ಆಣೆಗಳು ಅಂದೇ ರದ್ದಾಗಲಿಲ್ಲ. ಹಳೆಯ ಮತ್ತು ಹೊಸ ನಾಣ್ಯಗಳು ಕೆಲವು ವರ್ಷ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಕೂಡಿದ್ದವು. ಆಣೆಯೊಂದಕ್ಕೆ 6.25 ನಯಾಪೈಸೆಯಾದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಸರಿಹೊಂದಿಸಿಕೊಳ್ಳಬೇಕಾಗಿತ್ತು. ಜನರು ಹೊಸ ನಾಣ್ಯಕ್ಕೆ ಒಗ್ಗಿದ ಬಳಿಕ, 1964ರ ಜೂನ್ 1ರಿಂದ ‘ನಯಾ’ ಎಂಬ ವಿಶೇಷಣವನ್ನು ಕೈಬಿಡಲಾಯಿತು.

ತೂಕ ಮತ್ತು ಅಳತೆಗಳ ವಿಷಯದಲ್ಲಿ ಎಚ್ಚರಿಕೆಯು ಇನ್ನೂ ಹೆಚ್ಚಿನದು. 1956ರ ಶಾಸನವು 1958ರ ಅಕ್ಟೋಬರ್ 1ರಂದು ಆಯ್ದ ಪ್ರದೇಶಗಳಲ್ಲಿಯೂ ಹತ್ತಿಜವಳಿ, ಉಕ್ಕು, ಸಿಮೆಂಟು ಮೊದಲಾದ ಆಯ್ದ ಉದ್ಯಮಗಳಲ್ಲಿಯೂ ಮೊದಲು ಜಾರಿಗೆ ಬಂದಿತು; ಮೆಟ್ರಿಕ್ ತೂಕಗಳು ದೇಶದಲ್ಲೆಲ್ಲ ಕಡ್ಡಾಯವಾದುದು 1962ರ ಏಪ್ರಿಲ್ 1ರಿಂದ. ಹತ್ತಿಯ ಗಿರಣಿಗಳ ಊರಾದ ದಾವಣಗೆರೆಗೂ, 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ತಯಾರಿಸುತ್ತಿದ್ದ ಹರಿಹರಕ್ಕೂ ಈ ಸಂಧಿಕಾಲದ ಬಿಸಿ ತಟ್ಟದಿರಲು ಸಾಧ್ಯವಿರಲಿಲ್ಲ. ಆದರೂ ಸೇರು ಮತ್ತು ಕಿಲೋಗ್ರಾಮುಗಳು ಅಕ್ಕಪಕ್ಕದಲ್ಲಿರುವುದರಿಂದ ಯಾರ ಸ್ವತ್ತೂ ಕೈತಪ್ಪುವುದಿಲ್ಲ. ಒಂದನ್ನು ಮತ್ತೊಂದಕ್ಕೆ ಪರಿವರ್ತಿಸುವ ಕೋಷ್ಟಕವಿದ್ದರೆ ಸಾಕು. ಆದುದರಿಂದಲೇ ಇಲ್ಲಿ ಹಳತು ಹೊಸತುಗಳ ಸಹಬಾಳ್ವೆ ಸುಲಭಸಾಧ್ಯವಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಈ ಮೆಟ್ರಿಕ್ ಕ್ರಾಂತಿಯು ಹೊಲದ ಬದುವಿನ ಬಳಿ ನಿಂತುಬಿಟ್ಟಿತು. ಪಹಣಿಯಲ್ಲಿ ವಿಸ್ತೀರ್ಣವನ್ನು ಇಂದಿಗೂ ಎಕರೆ–ಗುಂಟೆಗಳಲ್ಲಿಯೇ ಬರೆಯಲಾಗುತ್ತಿದೆ.

೩

ಮೂರನೆಯ ದೃಷ್ಟಾಂತವು ಪಹಣಿಯದೇ. 1961ರ ಗ್ರಾಮಾಧಿಕಾರ ರದ್ದಿಯಾತಿ ಶಾಸನವು 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು; ದಫ್ತರವು ಸರ್ಕಾರಿ ನೌಕರನಾದ ಗ್ರಾಮಲೆಕ್ಕಿಗನ ಕೈಗೆ ಬಂದಿತು. 1964ರ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದಂತೆ, ಹಕ್ಕುದಾಖಲೆಯಲ್ಲಿನ ನಮೂದು ತಪ್ಪೆಂದು ಸಿದ್ಧವಾಗುವವರೆಗೂ ಅದನ್ನು ಸತ್ಯವೆಂದೇ ಭಾವಿಸತಕ್ಕದ್ದು. ಪಹಣಿಯಲ್ಲಿ ಒಂದು ಹೆಸರು ತಪ್ಪಿದರೆ ಅದನ್ನು ತಪ್ಪೆಂದು ರುಜುವಾತುಪಡಿಸುವ ಹೊಣೆ ರೈತನ ಮೇಲೆಯೇ ಬೀಳುವುದು. ಈ ದಾಖಲೆಯ ಬದಲಾವಣೆಯಲ್ಲಿ ಪಣಕ್ಕಿರುವುದು ಭೂಮಿಯೇ ಎಂಬುದನ್ನು ಇದರಿಂದ ತಿಳಿಯಬಹುದು.

ಭೂದಾಖಲೆಗಳನ್ನು ಗಣಕಕ್ಕೆ ಸೇರಿಸುವ ಮೊದಲ ಪ್ರಯೋಗವು ಕರ್ನಾಟಕದಲ್ಲಿ 1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ನಡೆಯಿತು; 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಯೋಜನೆಯು ಮಂಜೂರಾಗಿತ್ತು. ಆದರೆ ದಾಖಲೆಯು ದಿನದಿನವೂ ಬದಲಾಗುತ್ತಿದ್ದ ತಾಲ್ಲೂಕು ಕಚೇರಿಯಲ್ಲಿ ಗಣಕವನ್ನಿಡುವ ಏರ್ಪಾಡು ಅದರಲ್ಲಿರಲಿಲ್ಲ. ಹಳ್ಳಿಯಲ್ಲಿ ಹೊಲವು ಕೈಬದಲಾಗುತ್ತಿದ್ದಾಗ ಜಿಲ್ಲಾ ಕೇಂದ್ರದ ಗಣಕದಲ್ಲಿದ್ದ ಪ್ರತಿಯು ಹಳಸುತ್ತ ಹೋಯಿತು.

ಈ ಅನುಭವದಿಂದ ಪಾಠ ಕಲಿತು ರೂಪುಗೊಂಡದ್ದು ‘ಭೂಮಿ’ ಯೋಜನೆ. ಮೊದಲು ನಾಲ್ಕು ತಾಲ್ಲೂಕುಗಳು, ಅನಂತರ ಆಗಿದ್ದ 27 ಜಿಲ್ಲೆಗಳಲ್ಲಿ ಜಿಲ್ಲೆಗೊಂದು ತಾಲ್ಲೂಕು, ಕೊನೆಗೆ 177 ತಾಲ್ಲೂಕುಗಳು: ಇದು ಅದರ ಕ್ರಮ. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆಗಳು ಹೀಗೆ ಗಣಕಕ್ಕೆ ಸೇರಿದವು. ದಾವಣಗೆರೆ ಜಿಲ್ಲೆಯಾದರೋ ಆಗ ಹೊಸದು. 1997ರ ಆಗಸ್ಟ್ 15ರಂದು ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ. ಬಳ್ಳಾರಿಯಿಂದ ಹರಪನಹಳ್ಳಿ ತಾಲ್ಲೂಕುಗಳನ್ನು ಕೂಡಿಸಿ ಅದನ್ನು ರಚಿಸಲಾಗಿತ್ತು. ಹರಪನಹಳ್ಳಿಯು 1953ರವರೆಗೆ ಮದ್ರಾಸಿಗೆ ಸೇರಿದ್ದ ಸೀಮೆ. 2018ರಲ್ಲಿ ಅದು ಬಳ್ಳಾರಿಗೆ ಮರಳಿ, ಅನಂತರ ವಿಜಯನಗರ ಜಿಲ್ಲೆಗೆ ಸೇರಿತು. ಬೇರೆ ಬೇರೆ ಕಂದಾಯ ಪರಂಪರೆಗಳ ಕಡತಗಳು ಒಂದೇ ನಮೂನೆಯೊಳಗೆ ಹೊಂದಬೇಕಾಗಿತ್ತೆಂಬುದು ಇಲ್ಲಿ ಸ್ಮರಣೀಯ.

‘ಭೂಮಿ’ಯ ವೈಶಿಷ್ಟ್ಯವು ಹಳೆಯದನ್ನು ನಿಲ್ಲಿಸಿದ ರೀತಿಯಲ್ಲಿದೆ. ಒಂದು ತಾಲ್ಲೂಕಿನ ಕೆಲಸ ಮುಗಿದೊಡನೆ ಆ ತಾಲ್ಲೂಕಿನಲ್ಲಿ ಕೈಬರಹದ ಪಹಣಿಯು ಅಮಾನ್ಯವೆಂದು ಅಧಿಸೂಚನೆ ಹೊರಡುತ್ತಿತ್ತು. ವಿಸ್ತರಣೆಯು ಪ್ರದೇಶದಲ್ಲಿ ಕ್ರಮಾನುಗತ. ಆದರೆ ಒಂದೊಂದು ತಾಲ್ಲೂಕಿನ ಮಟ್ಟಿಗೆ ಬದಲಾವಣೆಯು ಒಂದೇ ದಿನದ್ದು. ಇದಕ್ಕೆ ಕಾರಣ ಸ್ಪಷ್ಟ. ಆಣೆಯೂ ಪೈಸೆಯೂ ಒಂದೇ ಚೀಲದಲ್ಲಿರಬಹುದು. ಒಂದು ಹೊಲಕ್ಕೆ ಎರಡು ಪಹಣಿಗಳಿರಲಾಗದು. ಇದ್ದಲ್ಲಿ ಒಂದನ್ನು ತೋರಿಸಿ ಸಾಲ, ಮತ್ತೊಂದನ್ನು ತೋರಿಸಿ ಕ್ರಯ ನಡೆಯುವುದಕ್ಕೆ ತಡೆಯೇನಿದೆ? ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡತಕ್ಕದ್ದೆಂದೂ, ನೌಕರನು ಬೆರಳಚ್ಚಿನಿಂದ ತನ್ನನ್ನು ಗುರುತಿಸಿಕೊಂಡ ಮೇಲೆಯೇ ದಾಖಲೆಯನ್ನು ತಿದ್ದತಕ್ಕದ್ದೆಂದೂ ವಿಧಿಸಲಾಯಿತು. ರೈತನು ಆಗ 15 ರೂಪಾಯಿ ಶುಲ್ಕವನ್ನು ತೆತ್ತು ಕಿಟಕಿಯ ಬಳಿಯೇ ಪಹಣಿಯನ್ನು ಪಡೆಯುವಂತಾಯಿತು.

ಆದರೆ ಕೈಬರಹದ ಪುಸ್ತಕದಲ್ಲಿದ್ದ ದೋಷಗಳೂ ಗಣಕದೊಳಕ್ಕೆ ಬಂದವು. ಬೆರಳಚ್ಚು ಮಾಡುವಾಗ ಹೊಸ ದೋಷಗಳೂ ಕೂಡಿಕೊಂಡವು. ಪೋಡಿಯಾಗದ ಜಂಟಿ ಹಿಡುವಳಿಗಳು, ಆಕಾರಬಂದಿಗೂ ಪಹಣಿಗೂ ಹೊಂದದ ವಿಸ್ತೀರ್ಣಗಳು ಯಂತ್ರದ ಮುದ್ರೆಯೊಡನೆ ಹೊರಬಂದವು. ಕೈಬರಹದಲ್ಲಿ ಸಂಶಯಾಸ್ಪದವಾಗಿ ಕಾಣುತ್ತಿದ್ದ ನಮೂದು ಅಚ್ಚಿನಲ್ಲಿ ನಿಸ್ಸಂದಿಗ್ಧವಾಗಿ ಕಾಣುವುದು ಇಂತಹ ಬದಲಾವಣೆಯ ಒಂದು ಅಪಾಯ.

೪

ಪ್ರಾರಂಭದಲ್ಲಿ ತಾಲ್ಲೂಕಿಗೊಂದರಂತೆ ಇದ್ದ ಸರ್ವರ್‌ಗಳ ದತ್ತಾಂಶವು ಮುಂದೆ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಂದುಗೂಡಿತು. ಲೋಕದಲ್ಲಿಯೂ ಇದೇ ಪ್ರವೃತ್ತಿ ಇನ್ನೂ ಮುಂದಕ್ಕೆ ಹೋಗಿದೆ. 2014ರಲ್ಲಿ ಅಮೆಜಾನ್ ಸಂಸ್ಥೆಯು ಪ್ರಕಟಿಸಿದ ಲ್ಯಾಂಬ್ಡಾ ಸೇವೆಯಿಂದ ‘ಸರ್ವರ್‌ರಹಿತ’ವೆಂಬ ಪದ್ಧತಿಯು ಪ್ರಸಿದ್ಧವಾಯಿತು. ಸರ್ವರ್ ಇಲ್ಲವೆಂದಲ್ಲ, ಅದರ ಪಾಲನೆಯ ಹೊಣೆ ತಂತ್ರಾಂಶವನ್ನು ಬರೆದವರದಲ್ಲವೆಂದಷ್ಟೇ ಅರ್ಥ. 2017ರಿಂದ ಅಲ್ಲಿ ಹೊಸ ಆವೃತ್ತಿಗೆ ಮೊದಲು ಶೇಕಡ 10ರಷ್ಟು ಕೋರಿಕೆಗಳನ್ನು ಮಾತ್ರ ಕಳುಹಿಸಿ, ಐದು ಅಥವಾ ಹತ್ತು ನಿಮಿಷ ಕಾದು, ದೋಷ ಕಾಣದಿದ್ದರೆ ಉಳಿದುದನ್ನೂ ಕಳುಹಿಸುವ ಏರ್ಪಾಡಿದೆ. ದೋಷ ಕಂಡರೆ ಎಲ್ಲವೂ ತಾನಾಗಿ ಹಳೆಯ ಆವೃತ್ತಿಗೆ ಮರಳುವುದು. ಗಣಿಯ ವಿಷವಾಯುವನ್ನು ಮುಂಚಿತವಾಗಿ ಅರಿಯಲು ಕೊಂಡೊಯ್ಯುತ್ತಿದ್ದ ಕ್ಯಾನರಿ ಹಕ್ಕಿಯ ಹೆಸರಿನಿಂದಲೇ ಇಂತಹ ಪ್ರಯೋಗವನ್ನು ಕರೆಯುತ್ತಾರೆ. ದಶಕಗಳಲ್ಲಿ ಸಾಗುತ್ತಿದ್ದ ಕ್ರಮವು ಹೀಗೆ ನಿಮಿಷಗಳಿಗೆ ಇಳಿದಿದೆ.

ಆದರೆ ಮರಳುವುದು ತಂತ್ರಾಂಶವೇ ಹೊರತು ಅದು ಬರೆದುದಲ್ಲ. ಹೊಸ ಆವೃತ್ತಿಯು ಹತ್ತು ನಿಮಿಷಗಳಲ್ಲಿ ದಾಖಲೆಯನ್ನು ತಪ್ಪಾಗಿ ತಿದ್ದಿದ್ದರೆ, ಹಳೆಯ ಆವೃತ್ತಿಯನ್ನು ಮರಳಿ ತಂದ ಮಾತ್ರಕ್ಕೆ ಆ ತಪ್ಪು ಅಳಿಯುವುದಿಲ್ಲ. ಹಳೆಯ ಆವೃತ್ತಿಯು ಅದನ್ನೇ ಸತ್ಯವೆಂದು ಓದುತ್ತದೆ. ಎರಡು ಆವೃತ್ತಿಗಳು ಜೊತೆಗಿರಬಹುದು. ಅವೆರಡೂ ಕೈಯಿಡುವ ಕಡತವು ಒಂದೇ. 2023ರಲ್ಲಿ ‘ಕಾವೇರಿ–2’ ತಂತ್ರಾಂಶವನ್ನು ಕೆಲವು ಉಪನೋಂದಣಿ ಕಚೇರಿಗಳಲ್ಲಿ ಮೊದಲು ಪರೀಕ್ಷಿಸಿ ರಾಜ್ಯದಲ್ಲೆಲ್ಲ ಹರಡಿದಾಗಲೂ ಈ ಮಾತು ಅನ್ವಯಿಸುತ್ತಿತ್ತು.

ಮೇಲ್ಕಂಡ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದು. ಮೊದಲ ಪ್ರಯೋಗಕ್ಕೆ ಚಿಕ್ಕ ಪ್ರದೇಶ, ಹಳತು ಹೊಸತುಗಳು ಕೂಡಿರಬಹುದಾದ ಅವಧಿ, ತಪ್ಪಿದರೆ ತಿದ್ದುವ ದಾರಿ ಎಂಬ ಮೂರರಲ್ಲಿ ಮೊದಲನೆಯದನ್ನು ನಮ್ಮ ಆಡಳಿತವು 1863ರಿಂದಲೂ ಬಲ್ಲದು. ಎರಡನೆಯದು ನಾಣ್ಯ–ತೂಕಗಳಿಗೆ ಸಲ್ಲುತ್ತದೆ, ಹಕ್ಕುದಾಖಲೆಗೆ ಸಲ್ಲದು. ಆದುದರಿಂದ ಹಕ್ಕುದಾಖಲೆಯಲ್ಲಿ ಮೂರನೆಯದರ ಭಾರವು ಇಮ್ಮಡಿಯಾಗುತ್ತದೆ. ಖಾತೆ ಬದಲಾವಣೆಯ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಲು 136ನೆಯ ಪ್ರಕರಣವು ಅವಕಾಶ ನೀಡಿದೆ. ಹರಿಹರದ ಬಯಲಿನ ಸಣ್ಣ ಹಿಡುವಳಿದಾರನು ಒಂದು ಅಕ್ಷರದ ತಪ್ಪಿಗಾಗಿ ಆ ಮೆಟ್ಟಿಲನ್ನು ಎಷ್ಟು ಸಲ ಹತ್ತಬೇಕಾಗುತ್ತದೆ ಎಂಬುದರಿಂದಲೇ ಬದಲಾವಣೆಯ ಯಶಸ್ಸನ್ನು ಅಳೆಯತಕ್ಕದ್ದು. ಎಷ್ಟು ತಾಲ್ಲೂಕುಗಳು ಎಷ್ಟು ತಿಂಗಳಲ್ಲಿ ಪೂರೈಸಿದವೆಂಬ ಲೆಕ್ಕದಿಂದಲ್ಲ.