ಐಹೊಳೆ: ಎರಡು ತಾಸಲ್ಲಿ ನೋಡಿ ಮುಗಿಸೋ ಊರಲ್ಲ, ಬರೋರಿಗೂ, ಬಂಡವಾಳ ಹಾಕೋರಿಗೂ ಇಲ್ಲಿದೆ ಮಾಹಿತಿ

ಹುನಗುಂದ: ಬಾದಾಮಿಯಲ್ಲಿ ರೂಮ್ ಮಾಡಿ, ಪಟ್ಟದಕಲ್ಲು ನೋಡಿ, ವಾಪಸ್ ಹೋಗೋ ಮುಂಚೆ ಎರಡು ತಾಸು ಐಹೊಳೆ. ಬಹಳಷ್ಟು ಪ್ರವಾಸಿಗರ ಲೆಕ್ಕ ಇಷ್ಟೇ. ದುರ್ಗ ಗುಡಿ ಮುಂದೆ ಫೋಟೋ ತೆಗೆಸಿಕೊಂಡು ಗಾಡಿ ಹತ್ತಿದರೆ ಊರು ನೋಡಿದಂಗೆ ಆಗಲ್ಲ, ಊರಿನವರ ಕೈಗೂ ಏನೂ ಸಿಗಲ್ಲ. ಹುನಗುಂದ ತಾಲ್ಲೂಕಿನ ಈ ಹಳ್ಳಿಗೆ ಬರೋ ಮುಂಚೆ, ಇಲ್ಲಿ ದುಡ್ಡು ಹಾಕೋ ಯೋಚನೆ ಮಾಡೋ ಮುಂಚೆ ತಿಳ್ಕೋಬೇಕಾದ ಸಂಗತಿಗಳು ಇಲ್ಲಿವೆ.

ಎಲ್ಲಿದೆ? ಹೋಗೋದು ಹೇಗೆ?

ಐಹೊಳೆ ಇರೋದು ಮಲಪ್ರಭಾ ನದಿ ದಂಡೆ ಮೇಲೆ. ಬಾದಾಮಿಯಿಂದ ಸುಮಾರು 35 ಕಿ.ಮೀ., ಪಟ್ಟದಕಲ್ಲಿನಿಂದ 13-14 ಕಿ.ಮೀ. ಹುನಗುಂದ, ಇಳಕಲ್ ಕಡೆಯಿಂದ ಬರೋರು ಅಮೀನಗಡದಲ್ಲಿ ತಿರುಗಬೇಕು. ರೈಲಿಗೆ ಬಾದಾಮಿ ಇಲ್ಲವೇ ಬಾಗಲಕೋಟೆ ನಿಲ್ದಾಣ, ವಿಮಾನಕ್ಕೆ ಹುಬ್ಬಳ್ಳಿ. ಬಸ್ ಇವೆ, ಆದ್ರೆ ಸಿಟಿ ಬಸ್ ತರ ಹತ್ತು ನಿಮಿಷಕ್ಕೊಂದು ಸಿಗಲ್ಲ. ಸಂಜೆ ವಾಪಸ್ ಹೋಗೋ ಬಸ್ಸಿನ ಟೈಮ್ ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ.

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆ ಸಮಯ. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಲು ಕಾದ ಹಂಚಿನಂಗೆ ಇರ್ತದೆ, ಮಧ್ಯಾಹ್ನ ಗುಡ್ಡ ಹತ್ತೋದು ಬೇಡ.

ಐನೂರ್ವರ ಊರು

ಪರಶುರಾಮ ಕೊಡಲಿ ತೊಳೆದಾಗ ನೀರು ಕೆಂಪಾಯ್ತು, ಅದನ್ನ ನೋಡಿದವರು ‘ಅಯ್ಯೋ ಹೊಳೆ’ ಅಂದ್ರು, ಅದೇ ಐಹೊಳೆ ಆಯ್ತು ಅನ್ನೋದು ಜನರ ಬಾಯಲ್ಲಿರೋ ಕಥೆ. ಶಾಸನಗಳಲ್ಲಿ ಈ ಊರಿನ ಹೆಸರು ಅಯ್ಯಾವೊಳೆ, ಆರ್ಯಪುರ.

ಬಂಡವಾಳದ ಮಾತು ಈ ಊರಿಗೆ ಹೊಸದಲ್ಲ. ‘ಅಯ್ಯಾವೊಳೆ ಐನೂರ್ವರು’ ಅನ್ನೋ ವರ್ತಕರ ಸಂಘ ಇಲ್ಲಿನ ಹೆಸರು ಹೊತ್ತುಕೊಂಡು ದಕ್ಷಿಣ ಭಾರತದ ತುಂಬಾ ವ್ಯಾಪಾರ ಮಾಡಿತು, ಸಮುದ್ರ ದಾಟಿತು. ಈಗಿನ ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಪ್ರಸ್ತಾಪ ಇದೆ.

ಏನೇನು ನೋಡಬೇಕು?

ಊರಲ್ಲಿ, ಸುತ್ತಮುತ್ತ 100ಕ್ಕೂ ಹೆಚ್ಚು ಗುಡಿಗಳಿವೆ. ಎಲ್ಲಾ ನೋಡೋಕೆ ಆಗಲ್ಲ. ಪೂರ್ತಿ ಒಂದು ದಿನ ಇಟ್ಟುಕೊಂಡರೆ ಇವಿಷ್ಟು ಆರಾಮಾಗಿ ಆಗ್ತವೆ:

* ದುರ್ಗ ಗುಡಿ: ಹಿಂಭಾಗ ಆನೆಯ ಬೆನ್ನಿನಂಗೆ ಅರ್ಧ ವೃತ್ತಾಕಾರ. ಇದು ದುರ್ಗಾದೇವಿ ಗುಡಿಯಲ್ಲ. ಕೋಟೆಗೆ, ಅಂದ್ರೆ ದುರ್ಗಕ್ಕೆ ಸೇರಿಕೊಂಡಿದ್ದರಿಂದ ಬಂದ ಹೆಸರು. ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೇ ಆವರಣದಲ್ಲಿದೆ.

* ಲಾಡಖಾನ್ ಗುಡಿ: ಅದೇ ಆವರಣ. ಮರದ ಮನೆ ಕಟ್ಟೋ ಪದ್ಧತಿಯನ್ನ ಕಲ್ಲಲ್ಲಿ ಇಳಿಸಿದಂಗೆ ಇದೆ, ಚಾವಣಿ ಇಳಿಜಾರು.

* ರಾವಣ ಫಡಿ: ಬಂಡೆ ಕೊರೆದು ಮಾಡಿದ ಗುಹೆ. ಒಳಗೆ ಸಪ್ತಮಾತೃಕೆಯರ ಜೊತೆ ಕುಣಿಯೋ ಶಿವ ಇದಾನೆ.

* ಮೇಗುತಿ: ಗುಡ್ಡದ ಮೇಲಿನ ಜೈನ ಬಸದಿ. ಗೋಡೆ ಮೇಲೆ ರವಿಕೀರ್ತಿ ಬರೆದ, ಶಕ 556ರ (ಕ್ರಿ.ಶ. 634) ಶಾಸನ ಇದೆ. ಎರಡನೇ ಪುಲಕೇಶಿ ಹರ್ಷವರ್ಧನನನ್ನ ಸೋಲಿಸಿದ್ದು ಇದರಲ್ಲಿದೆ. ಕಾಳಿದಾಸ, ಭಾರವಿ ಹೆಸರೂ ಇವೆ. ದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಚೈತ್ಯ ಸಿಗ್ತದೆ. ಮೇಲೆ ನಿಂತರೆ ಊರು, ಹೊಲ, ಹೊಳೆ ಎಲ್ಲಾ ಕಾಣ್ತವೆ.

* ಗಳಗನಾಥ, ರಾಮಲಿಂಗ ಗುಡಿಗಳು: ಹೊಳೆ ಕಡೆ ಇವೆ. ಗದ್ದಲ ಕಡಿಮೆ.

ದುರ್ಗ ಗುಡಿ ಆವರಣಕ್ಕೆ ಟಿಕೆಟ್ ಇದೆ. ಗುಡ್ಡ ಹತ್ತೋರು ನೀರಿನ ಬಾಟಲಿ ಒಯ್ಯಿರಿ.

ಗುಡಿಗೆ ಊರಿನವರದೇ ಹೆಸರು

ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ. ಈ ಹೆಸರು ಯಾವ ರಾಜನೂ ಇಟ್ಟಿದ್ದಲ್ಲ. ಶತಮಾನಗಳ ಕಾಲ ಗುಡಿಯಲ್ಲೇ, ಗುಡಿ ಪಕ್ಕದಲ್ಲೇ ಜನ ಬದುಕಿದರು, ಅವರ ಹೆಸರೇ ಗುಡಿಗೆ ನಿಂತಿತು. ಲಾಡಖಾನ್ ಕೂಡ ಹಿಂದೆ ಆ ಗುಡಿಯಲ್ಲಿ ವಾಸವಿದ್ದ ಮುಸ್ಲಿಂ ವ್ಯಕ್ತಿಯ ಹೆಸರು.

ಇವತ್ತು ಅದೇ ಊರಿಗೆ ತೊಡಕಾಗಿದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಮನೆ ದುರಸ್ತಿಗೂ ಮೊದಲೇ ಅನುಮತಿ ಬೇಕು. ಅಲ್ಲಿಂದ ಮುಂದೆ 200 ಮೀಟರ್‌ವರೆಗೆ ಅನುಮತಿ ಇಲ್ಲದೆ ಏನೂ ಕಟ್ಟೋ ಹಾಗಿಲ್ಲ. ಬೇರೆ ಊರಲ್ಲಿ ಸ್ಮಾರಕ ಒಂದೋ ಎರಡೋ ಇರ್ತವೆ. ಐಹೊಳೆಯಲ್ಲಿ ಓಣಿ ಓಣಿಗೂ ಇವೆ; ಒಂದರ ಗಡಿ ಮುಗಿಯೋದ್ರೊಳಗೆ ಇನ್ನೊಂದರದ್ದು ಶುರು. ಮಗನ ಮದುವೆ ಆಯ್ತು, ಒಂದು ಕೋಣೆ ಹೆಚ್ಚಿಗೆ ಬೇಕು ಅಂದ್ರೂ ಮೊದಲು ಅರ್ಜಿ ಹಿಡ್ಕೊಂಡು ಓಡಾಡಬೇಕು.

ಊರು ಸ್ಥಳಾಂತರದ ಮಾತು ದಶಕಗಳಿಂದ ನಡೀತಾನೇ ಇದೆ. ಗುಡಿಗಳ ಸುತ್ತ ಜಾಗ ತೆರವಾದ್ರೆ ಸ್ಮಾರಕಕ್ಕೆ ಒಳ್ಳೇದು ಅನ್ನೋದು ಒಂದು ವಾದ. ಹೊಲ, ದನಕರು, ಅಂಗಡಿ ಇಲ್ಲೇ ಇರುವಾಗ ಮನೆ ಮಾತ್ರ ದೂರ ಹೋದ್ರೆ ಬದುಕು ಹೇಗೆ ಅನ್ನೋದು ಇನ್ನೊಂದು. ಇದರ ಜೊತೆ ಹೊಳೆಯ ಕಾಟ ಬೇರೆ. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಈ ಭಾಗದ ದಂಡೆಯ ಊರುಗಳು ನೀರಿಗೆ ಸಿಕ್ಕಿದ್ದವು.

ಬಂಡವಾಳ ಹಾಕೋರು ಗಮನಿಸಿ

ಪಟ್ಟದಕಲ್ಲು 1987ರಿಂದಲೇ ವಿಶ್ವ ಪರಂಪರೆ ತಾಣ. ಐಹೊಳೆ, ಬಾದಾಮಿ, ಪಟ್ಟದಕಲ್ಲು ಮೂರನ್ನೂ ಸೇರಿಸಿದ ಪ್ರಸ್ತಾವ 2015ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದೆ. ಇದನ್ನ ನೋಡಿ ಜಾಗ ಹುಡುಕೋರು ಮೊದಲು ಮೂರು ಕೆಲಸ ಮಾಡಬೇಕು.

ಒಂದು, ಉತಾರ ನೋಡೋದಷ್ಟೇ ಸಾಲದು, ಹತ್ತಿರದ ಸ್ಮಾರಕದಿಂದ ಜಾಗ ಎಷ್ಟು ಮೀಟರ್ ದೂರ ಇದೆ ಅಂತ ಅಳತೆ ಮಾಡಿಸಬೇಕು. ಅಗ್ಗಕ್ಕೆ ಸಿಕ್ಕಿತು ಅಂತ 100 ಮೀಟರ್ ಒಳಗೆ ಪ್ಲಾಟ್ ತಗೊಂಡರೆ ಅದರ ಮೇಲೆ ಒಂದು ಶೆಡ್ಡೂ ಹಾಕೋಕೆ ಬರಲ್ಲ. ಎರಡು, ಹೊಲ ಇದ್ದರೆ ಬಿನ್‌ಶೇತ್ಕಿ ಆಗದೆ ಲಾಡ್ಜ್, ರೆಸಾರ್ಟ್ ಕಟ್ಟೋ ಹಾಗಿಲ್ಲ. ಮೂರು, ಹೊಳೆ ದಂಡೆ ಜಾಗ ಆದ್ರೆ 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಊರ ಹಿರಿಯರನ್ನ ಕೇಳಬೇಕು.

ದೊಡ್ಡ ಹೋಟೆಲಿಗಿಂತ ಸಣ್ಣ ಕೆಲಸಕ್ಕೇ ಇಲ್ಲಿ ಜಾಗ ಇದೆ. ಇರೋ ಮನೆಯಲ್ಲೇ ಹೋಮ್‌ಸ್ಟೇ, ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಕೊಡೋ ಖಾನಾವಳಿ, ಊರ ಹುಡುಗರಿಗೆ ಗೈಡ್ ತರಬೇತಿ, ಬಾಡಿಗೆ ಸೈಕಲ್, ಶುಚಿಯಾದ ಶೌಚಾಲಯ. ಇಳಕಲ್ ಸೀರೆ, ಗುಳೇದಗುಡ್ಡ ಖಣ, ಅಮೀನಗಡ ಕರದಂಟು ಮೂರೂ ಇದೇ ಜಿಲ್ಲೆಯವು. ಇವನ್ನ ಒಂದೇ ಕಡೆ ಮಾರೋ ಅಂಗಡಿ ಇದ್ದರೂ ಬಂದವರು ಬರಿಗೈಲಿ ಹೋಗಲ್ಲ.

ವಸತಿ

ಊರಲ್ಲಿ ಕೆಎಸ್‌ಟಿಡಿಸಿಯ ಮಯೂರ ಯಾತ್ರಿನಿವಾಸ ಇದೆ. ಮೊದಲೇ ಬುಕ್ ಮಾಡಿದರೆ ಒಳ್ಳೇದು. ರೂಮ್ ಸಿಗದಿದ್ದರೆ ಬಾದಾಮಿ ಅಥವಾ ಬಾಗಲಕೋಟೆಗೆ ಹೋಗಬೇಕು. ಒಂದು ರಾತ್ರಿ ಇಲ್ಲೇ ಉಳಿದರೆ ಬೆಳಿಗ್ಗೆ ಬಿಸಿಲೇರೋ ಮುಂಚೆ ಮೇಗುತಿ ಗುಡ್ಡ ಹತ್ತಬಹುದು. ಊಟ, ಚಹಾ, ಆಟೋ ಅಂತ ನೀವು ಖರ್ಚು ಮಾಡೋ ದುಡ್ಡೂ ಊರಲ್ಲೇ ಉಳೀತದೆ.